ಶೇಂಗಾ ಕೇಳಿದರೆ ಚಟ್ನಿ ಬಂತು

ಹೋದ ಗಣಪತಿ ಹಬ್ಬಕ್ಕೆ ಅಮ್ಮಿನಬಾವಿಗೆ ಹೋದಾಗ, ಆಫೀಸಿನಲ್ಲಿ ನಾವು ಕಟ್ಟುತ್ತಿದ್ದ ಸರ್ಚ್ ಆ್ಯಪನ್ನು ಅಪ್ಪನ ಫೋನಿಗೆ ಹಾಕಿಕೊಟ್ಟೆ. ಇನ್ನೂ ಬಿಡುಗಡೆಯಾಗಿರಲಿಲ್ಲ. ಮನೆಯಲ್ಲಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆ, ಅಷ್ಟೆ. ಅಪ್ಪ ಮೈಕ್ ಒತ್ತಿ ಕೇಳಿದರು: “ಶೇಂಗಾದ ಎಲಿ ಮ್ಯಾಲೆ ಕರಿ ಚುಕ್ಕಿ ಬಿದ್ದಾವು, ಏನ್ ಹೊಡೀಬೇಕು?”

ಮೊದಲು ಬಂದದ್ದು ಶೇಂಗಾ ಚಟ್ನಿ ಪುಡಿ ಮಾಡುವ ವಿಧಾನ. ಎರಡನೆಯದೂ ಚಟ್ನಿ. ಮೂರನೆಯದು ಹೋಳಿಗೆ.

“ರೋಗ ಬಂದ ಶೇಂಗಾದ ಚಟ್ನಿ ಹೆಂಗ ಮಾಡೂದು ಅಂತ ಕೇಳೇನೇನಪಾ ನಾ?” ಅಂದು ಫೋನು ನನ್ನ ಕೈಗಿಟ್ಟು ಔಷಧದ ಅಂಗಡಿಗೆ ಹೊರಟರು.

ಸರಿಯಾದ ಪುಟ ಆ್ಯಪಿನೊಳಗೇ ಇತ್ತು. ಆದರೆ ಅದರಲ್ಲಿದ್ದದ್ದು ‘ಕಡಲೆಕಾಯಿ’, ‘ತಿಕ್ಕಾ ರೋಗ’. ಶೇಂಗಾ ಅನ್ನುವ ಪದ ಅಡುಗೆ ಪುಟಗಳಲ್ಲಿ ಮಾತ್ರ ಇತ್ತು. ಇಷ್ಟಾದರೂ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಕನ್ನಡದ ಎದುರು ಹಸಿರು ಬಣ್ಣ! ಯಾಕೆಂದರೆ ನಮ್ಮ ಪರೀಕ್ಷೆಯ ಪ್ರಶ್ನೆಗಳೆಲ್ಲ ಇಂಗ್ಲಿಷಿನವು, ಯಂತ್ರದಿಂದ ಅನುವಾದ ಮಾಡಿಸಿದವು. ಯಂತ್ರಕ್ಕೆ ಗ್ರೌಂಡ್‌ನಟ್ ಅಂದರೆ ಯಾವಾಗಲೂ ಕಡಲೆಕಾಯಿ. ಪುಟದಲ್ಲೂ ಅದೇ. ತಾನೇ ಪ್ರಶ್ನೆಪತ್ರಿಕೆ ತೆಗೆದು, ತಾನೇ ಬರೆದು, ತಾನೇ ತಿದ್ದಿಕೊಂಡ ಹಾಗೆ. ಆ ಫೈಲು ಮಾಡಿದವನು ನಾನೇ, ಹಾಗಾಗಿ ಈ ಬೈಗುಳ ಮೊದಲು ನನಗೆ.

ಸರ್ಚ್ ಚೆನ್ನಾಗಿದೆಯೋ ಇಲ್ಲವೋ ಅಳೆಯಲು ಮೂರು ವಸ್ತು ಬೇಕು: ಒಂದಿಷ್ಟು ಪುಟಗಳು, ಒಂದಿಷ್ಟು ಪ್ರಶ್ನೆಗಳು, ಯಾವ ಪ್ರಶ್ನೆಗೆ ಯಾವ ಪುಟ ಸರಿ ಎಂದು ಮನುಷ್ಯರು ಹೇಳಿದ ತೀರ್ಪು. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರಾನ್‌ಫೀಲ್ಡಿನಲ್ಲಿ ಸಿರಿಲ್ ಕ್ಲೆವರ್ಡನ್ ಮಾಡಿದ್ದು ಇದನ್ನೇ: ವಿಮಾನಶಾಸ್ತ್ರದ 1400 ಲೇಖನಗಳು, 225 ಪ್ರಶ್ನೆಗಳು. ಆ ಪ್ರಶ್ನೆಗಳು ಬಂದದ್ದೆಲ್ಲಿಂದ ನೋಡ್ರಿ. ಸಂಶೋಧಕರಿಗೇ ಪತ್ರ ಬರೆದು, ನಿಮ್ಮ ಲೇಖನದ ಹಿಂದೆ ಯಾವ ಪ್ರಶ್ನೆ ಇತ್ತು ಎಂದು ಕೇಳಿ ತರಿಸಿಕೊಂಡದ್ದು. ಕಂಪ್ಯೂಟರು ಕೋಣೆಯಷ್ಟು ದೊಡ್ಡದಿದ್ದ ಕಾಲದಲ್ಲೇ ಅವರಿಗೆ ತಿಳಿದಿತ್ತು, ಗರಜು ಇದ್ದವನನ್ನೇ ಕೇಳಬೇಕು ಅಂತ.

ನಮ್ಮ ದೇಶದಲ್ಲಿ ಫೈರ್ ಎಂಬ ವೇದಿಕೆ 2008ರಲ್ಲಿ ಹಿಂದಿ, ಬಂಗಾಳಿ, ಮರಾಠಿಗೆ ಇಂಥ ಸಂಗ್ರಹ ಮಾಡಿತು. 2022ರ ಮಿರಾಕಲ್‌ನಲ್ಲಿ 18 ಭಾಷೆಗಳಿವೆ, ಆಯಾ ಭಾಷೆಯವರೇ ಕೂತು ತೀರ್ಪು ಕೊಟ್ಟಿದ್ದಾರೆ. ಪಕ್ಕದ ತೆಲುಗು ಇದೆ, ಆಫ್ರಿಕಾದ ಯೊರುಬಾ ಇದೆ, ಕನ್ನಡ ಇಲ್ಲ. ನಮಗೆ ಸಿಕ್ಕದ್ದು ಬಿಂಗ್‌ನಲ್ಲಿ ಜನ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಗಳ ಯಂತ್ರಾನುವಾದ. ಮಾಡೆಲ್‌ಗೆ ತರಬೇತಿ ಕೊಡಲು ಅದು ಆದೀತು. ಅದರಲ್ಲೇ ಪರೀಕ್ಷೆ ಮಾಡಿ ‘ಕನ್ನಡ ಸಪೋರ್ಟ್ ಇದೆ’ ಅಂತ ಸ್ಲೈಡು ಹಾಕುವುದು ಮೋಸ.

ಈಗ ಎಐ ಇದೆಯಲ್ಲ, ಪ್ರಶ್ನೆಯೂ ಅದೇ ಹುಟ್ಟಿಸುತ್ತೆ, ಅಂಕವೂ ಅದೇ ಹಾಕುತ್ತೆ ಎನ್ನುವ ಗೆಳೆಯರಿದ್ದಾರೆ. ಅಂಕ ಹಾಕುವುದಕ್ಕೆ ಸ್ವಲ್ಪ ನೆರವಾದೀತು, ಮನುಷ್ಯರ ತೀರ್ಪಿನ ಜೊತೆ ತಾಳೆ ನೋಡುತ್ತಿದ್ದರೆ. ಪ್ರಶ್ನೆ? ಅದು ಓದಿದ ಕನ್ನಡದಲ್ಲೇ ಅದು ಕೇಳುತ್ತದೆ. ನಮ್ಮೂರಲ್ಲಿ ಕಡ್ಲಿ ಎಂದರೆ ಹಿಂಗಾರಿ ಬೆಳೆ, ಬ್ಯಾಳಿ ಆಗುವಂಥದ್ದು. ಬೆಂಗಳೂರಿನವನು ಕಡಲೆಕಾಯಿ ಅಂದುಕೊಂಡಾನು. ಗೋವಿನಜೋಳ ನಿಮ್ಮ ಕಡೆ ಮೆಕ್ಕೆಜೋಳವೋ ಮುಸುಕಿನಜೋಳವೋ ಆಗಿರುತ್ತದೆ. ಹೊಲದ ‘ಉತಾರ’ ಸರ್ಕಾರದ ಪುಟದಲ್ಲಿ ‘ಪಹಣಿ’. ಇಷ್ಟೆಲ್ಲ ಯಾಕೆ, ನಮ್ಮೂರಿನ ಹೆಸರನ್ನೇ ಕೆಲವರು ಅಮ್ಮಿನಬಾವಿ ಅಂತ ಬರೀತಾರೆ, ಕೆಲವರು ಅಮ್ಮಿನಭಾವಿ ಅಂತ. ಮಾತಿನಲ್ಲಿ ಕೇಳಿದರೆ ‘ಅಮ್ಮಿನಬಾವ್ಯಾಗ’ ಬೇರೆ.

ಖರ್ಚಿನ ಲೆಕ್ಕ ಮಾಡೋಣ. 50 ಪ್ರಶ್ನೆ, ಮೂರು ಸರ್ಚ್‌ಗಳಿಂದ ತಲಾ ಮೊದಲ ಹತ್ತು ಉತ್ತರ: ಹೆಚ್ಚೆಂದರೆ 1500 ಜೋಡಿ. ಒಂದಕ್ಕೆ ಒಂದು ನಿಮಿಷ ಅಂದರೂ 25 ತಾಸು. ಧಾರವಾಡದ ಕಡೆಯವರೊಬ್ಬರು, ಮೈಸೂರಿನ ಕಡೆಯವರೊಬ್ಬರು, ಇಬ್ಬರಿಗೂ ಸರಿಯಾದ ಕೂಲಿ. ತಂಡದ ಒಂದು ಔಟಿಂಗಿನ ದುಡ್ಡೂ ಬೇಡ. ಇಬ್ಬರ ತೀರ್ಪು ಕೂಡದಿದ್ದರೆ? ಎಷ್ಟೋ ಸಲ ಕೂಡುವುದಿಲ್ಲ. ಅಮೆರಿಕದ ಟ್ರೆಕ್ ಸಂಗ್ರಹಗಳ ಮೇಲೆ ಎಲೆನ್ ವೂರ್‌ಹೀಸ್ ತೋರಿಸಿದ್ದಾರೆ: ತೀರ್ಪುಗಾರರು ಬದಲಾದರೂ ಯಾವ ಸರ್ಚ್ ಮೇಲು, ಯಾವುದು ಕೀಳು ಎಂಬ ಕ್ರಮ ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಆ ನೆವವೂ ಬೇಡ.

ಹಬ್ಬ ಮುಗಿಯುವುದರೊಳಗೆ ಕಟ್ಟೆ, ಬಸ್‌ಸ್ಟ್ಯಾಂಡು, ಅಕ್ಕನ ಅಡುಗೆಮನೆ ಎಲ್ಲ ಅಡ್ಡಾಡಿ, “ಫೋನಿಗೆ ಏನ್ ಕೇಳ್ತೀರಿ?” ಅಂತ 50 ಪ್ರಶ್ನೆ ಬರೆದುಕೊಂಡು ಬಂದೆ, ಅವರವರ ಮಾತಿನಲ್ಲೇ. ಓಡಿಸಿ ನೋಡಿದರೆ ಹಸಿರು ಹೋಗಿ ಕೆಂಪಾಯಿತು. ಮೀಟಿಂಗಿನಲ್ಲಿ ಒಬ್ಬರು, ನಮ್ಮವರೇ, “ಇವು ಸ್ಟ್ಯಾಂಡರ್ಡ್ ಕನ್ನಡ ಅಲ್ಲವಲ್ಲ, ತೆಗೆದುಬಿಡೋಣ” ಅಂದರು. ತೆಗೆಯಲು ಬಿಟ್ಟಿಲ್ಲ. ಶೀಟಿನ ಮೊದಲನೇ ಸಾಲಿನಲ್ಲಿ ಅಪ್ಪನ ಪ್ರಶ್ನೆ ಇದೆ, ಅದರ ಎದುರು ಇನ್ನೂ ಸೊನ್ನೆಯೇ ಇದೆ.