ಪುಟ ಎಣಿಸುವವರ ಅನೇಕಾಂತ

ಮುಂಬಯಿ, ಪುಣೆಗಳ ಜೈನ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಆರಿಸಿಕೊಂಡರೆ, ಹಿರಿಯರು ಪಠ್ಯಸಂಕಲನವನ್ನು ಕೈಗೆತ್ತಿಕೊಂಡು ಕೇಳುವ ಮೊದಲ ಪ್ರಶ್ನೆ: ‘ಜೈನಕ್ಕೆ ಎಷ್ಟು ಪುಟ ಕೊಟ್ಟಿದ್ದಾರೆ?’ ಅನೇಕಾಂತದ ವಾರಸುದಾರರಿಗೆ ಇದಕ್ಕಿಂತ ಒಪ್ಪದ ಪ್ರಶ್ನೆ ಇನ್ನೊಂದಿಲ್ಲ.

ಅವರ ದೂರು ಬರಿಯ ಸುಳ್ಳೇನಲ್ಲ. ಸರ್ವಪಲ್ಲಿ ರಾಧಾಕೃಷ್ಣನ್ ಮತ್ತು ಚಾರ್ಲ್ಸ್ ಮೂರ್ ಸಂಪಾದಿಸಿದ, 1957ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಿಂದ ಹೊರಬಂದ ಭಾರತೀಯ ದರ್ಶನಗಳ ಆಕರಗ್ರಂಥದಲ್ಲಿ ಜೈನಕ್ಕೆ ದೊರೆತಿರುವುದು ಇಪ್ಪತ್ತು ಚಿಲ್ಲರೆ ಪುಟ. ಬೌದ್ಧಕ್ಕೆ ಅದರ ಮೂರು ಪಟ್ಟು. ಆದರೆ ಆ ಗ್ರಂಥದ ನಿಜವಾದ ದೋಷ ಪುಟಸಂಖ್ಯೆಯಲ್ಲಿಲ್ಲ, ಜೋಡಣೆಯಲ್ಲಿದೆ. ಚಾರ್ವಾಕ, ಜೈನ, ಬೌದ್ಧಗಳನ್ನು ‘ನಾಸ್ತಿಕ’ವೆಂಬ ಒಂದೇ ಕೊಠಡಿಗೆ ಸೇರಿಸಿ, ಆಸ್ತಿಕ ದರ್ಶನಗಳ ಸಾಲನ್ನು ವೇದಾಂತದಲ್ಲಿ ಮುಗಿಸಿ, ಕೊನೆಗೆ ಸಮಕಾಲೀನ ಚಿಂತನೆಯೆಂದು ರಾಧಾಕೃಷ್ಣನ್ನರ ಬರಹವನ್ನೇ ಇರಿಸಲಾಗಿದೆ. ತನ್ನ ಲೆಕ್ಕವನ್ನು ತಾನೇ ಪರಿಶೋಧಿಸಿ ಸಹಿ ಹಾಕಿದಂತೆ! ಸ್ಯಾದ್ವಾದವು ತರ್ಕಬದ್ಧವಾಗಿ ಮುಂದುವರಿದರೆ ಏಕತತ್ತ್ವಕ್ಕೇ ಬಂದು ನಿಲ್ಲಬೇಕೆಂದು ವಾದಿಸಿದವರೂ ಅವರೇ. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹವೂ ಹೀಗೆಯೇ ಚಾರ್ವಾಕದಿಂದ ಮೆಟ್ಟಿಲು ಕಟ್ಟುತ್ತ ಹೋಗಿ ಅದ್ವೈತವನ್ನು ಶಿಖರವಾಗಿಸಿತ್ತು.

ಈ ಮೆಟ್ಟಿಲಿಗೆ ಜೈನ ಪರಂಪರೆಯಲ್ಲೇ ಉತ್ತರವಿದೆ. ಎಂಟನೆಯ ಶತಮಾನದ ಹರಿಭದ್ರಸೂರಿಯ ಷಡ್ದರ್ಶನಸಮುಚ್ಚಯವು ಬೌದ್ಧದಿಂದ ಆರಂಭವಾಗುತ್ತದೆ. ಜೈನವು ಅಲ್ಲಿ ಮೊದಲೂ ಅಲ್ಲ, ಕೊನೆಯೂ ಅಲ್ಲ, ನಡುವಿನ ಒಂದು ದರ್ಶನ. ಲೋಕಾಯತಕ್ಕೂ ಅಲ್ಲಿ ಸ್ಥಳವಿದೆ. ಎಲ್ಲ ಪ್ರಮಾಣಗಳನ್ನೂ ಅಲ್ಲಗಳೆಯುವ ಜಯರಾಶಿಯ ತತ್ತ್ವೋಪಪ್ಲವಸಿಂಹದ ಹಸ್ತಪ್ರತಿ 1926ರಲ್ಲಿ ಬೆಳಕಿಗೆ ಬಂದದ್ದು ಗುಜರಾತಿನ ಪಾಟಣದ ಜೈನ ಭಂಡಾರದಿಂದ. ಎದುರಾಳಿಯ ಗ್ರಂಥವನ್ನು ಶತಮಾನಗಳ ಕಾಲ ಗೆದ್ದಲಿನಿಂದ ಕಾಪಾಡಿದವರ ಸಂತತಿ ಇಂದು ಸ್ವಾಧ್ಯಾಯ ಮಂಡಲಿಗಳಲ್ಲಿ ಸ್ವಮತದ ಪುಸ್ತಕವಲ್ಲದೆ ಬೇರೇನನ್ನೂ ತೆರೆಯುವುದಿಲ್ಲ. ಸಂಕಲನ ಕಂಡೊಡನೆ ಪುಟ ಎಣಿಸುತ್ತದೆ. ರಾಧಾಕೃಷ್ಣನ್ನರ ಗ್ರಂಥದಲ್ಲಿ ಆ ಜಯರಾಶಿಯ ಭಾಗಗಳೂ ಇವೆಯೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ?

ಚೀನಾದ ವಿಷಯದಲ್ಲಂತೂ ಉದಾಸೀನವೇ ಉತ್ತರ. ಅಲ್ಲಿ ಜೈನಕ್ಕೆ ಪುಟವೇ ಇಲ್ಲವಷ್ಟೆ! ಆದರೆ ವಿಂಗ್-ಸಿತ್ ಚಾನ್ 1963ರಲ್ಲಿ ಪ್ರಕಟಿಸಿದ ಚೀನೀ ತತ್ತ್ವಶಾಸ್ತ್ರದ ಆಕರಗ್ರಂಥ, ಭಾರತೀಯ ಸಂಪುಟಕ್ಕಿಲ್ಲದ ಒಂದು ಗುಣವನ್ನು ಹೊಂದಿದೆ: ಅನುವಾದವೆಲ್ಲ ಒಬ್ಬನದೇ ಕೈಯದಾದ್ದರಿಂದ ಪಾರಿಭಾಷಿಕ ಪದಗಳು ಪುಟಕ್ಕೊಂದು ಅರ್ಥ ತಳೆಯುವುದಿಲ್ಲ. ಆಕ್ರಮಣದ ಯುದ್ಧವನ್ನು ಖಂಡಿಸಿ, ಸ್ವ-ಪರ ಭೇದವಿಲ್ಲದ ಪ್ರೀತಿಯನ್ನು ಬೋಧಿಸಿದ ಮೋಜಿಯನ್ನೂ, ಹಾಗಾದರೆ ತಂದೆಗೆ ಸಲ್ಲಬೇಕಾದ ವಿಶೇಷ ಗೌರವ ಎಲ್ಲಿ ಉಳಿಯಿತೆಂದು ಅವನನ್ನು ಖಂಡಿಸಿದ ಮೆನ್ಸಿಯಸ್‌ನನ್ನೂ ಅಲ್ಲಿ ಅಕ್ಕಪಕ್ಕದಲ್ಲಿ ಓದಬಹುದು. ಅಹಿಂಸೆಯನ್ನು ಘೋಷಣೆಯಾಗಿಸಿಕೊಂಡವರಿಗೆ ಈ ವಾದ ಬೇಡವೆ? ಝುವಾಂಗ್‌ಜಿಯೂ ‘ಅನೇಕಾಂತಿ’ಯೇ ಎಂದು ಭಾಷಣಗಳಲ್ಲಿ ಹೇಳುವವರೂ ಅವನನ್ನು ಓದಬೇಕು. ಇಬ್ಬರ ವಾದಕ್ಕೆ ತೀರ್ಪು ಕೊಡುವವನು ಯಾರೆಂದು ಅವನು ಸಂಶಯಿಸುತ್ತಾನೆ. ಸ್ಯಾದ್ವಾದವಾದರೋ ಆಯಾ ಅಪೇಕ್ಷೆಯಿಂದ ನಿಶ್ಚಯವಾಗಿಯೇ ನುಡಿಯುತ್ತದೆ. ಎರಡೂ ಒಂದೇ ಎನ್ನುವುದು ಎರಡಕ್ಕೂ ಅಪಚಾರ.

ಆಯ್ಕೆಯ ಅಳತೆಗೋಲು ಆದ್ದರಿಂದ ಬೇರೆ ಇರಬೇಕು. ಎದುರಾಳಿಗೆ ತನ್ನ ಮಾತಿನಲ್ಲೇ ವಾದಿಸಲು ಅವಕಾಶವಿದೆಯೆ? ಅನುವಾದದ ಪದಗಳು ನೆಲೆನಿಂತಿವೆಯೆ? ಸಂಪಾದಕ ತನ್ನ ಮತವನ್ನು ಶಿಖರದಲ್ಲಿ ಕೂರಿಸಿದ್ದಾನೆಯೆ? ಈ ಮೂರನ್ನು ಕೇಳಿ ಪುಸ್ತಕ ಕೊಳ್ಳಲಿ. ರಾಧಾಕೃಷ್ಣನ್ನರದನ್ನು ಕೊಂಡರೂ ಮೆಟ್ಟಿಲನ್ನು ಗುರುತಿಸಿ ಓದಲಿ. ಜೈನವನ್ನು ಇಪ್ಪತ್ತು ಪುಟದಲ್ಲಾಗಲಿ ಇನ್ನೂರು ಪುಟದಲ್ಲಾಗಲಿ ತುಣುಕಾಗಿ ಓದುವ ಅಗತ್ಯವೇ ಇಲ್ಲ. ನಥಮಲ್ ಟಾಟಿಯಾ ಅವರ 1994ರ ತತ್ತ್ವಾರ್ಥಸೂತ್ರದ ಇಂಗ್ಲಿಷ್ ಅನುವಾದ ದಿಗಂಬರ, ಶ್ವೇತಾಂಬರ ವ್ಯಾಖ್ಯಾನಗಳೆರಡನ್ನೂ ಜೊತೆಗಿರಿಸಿಕೊಂಡು ಇಡಿಯಾಗಿ ಸಿಗುತ್ತದೆ. ಸಂಕಲನ ಇರುವುದು ನೆರೆಯವನ ಮಾತು ಕೇಳುವುದಕ್ಕೆ. ಆ ಮಾತನ್ನು ಕೇಳಲೊಲ್ಲದ ಮನೆಯಲ್ಲಿ ಅನೇಕಾಂತವು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಷ್ಟೇ ಉಳಿದೀತು.