ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಗುವುದಲ್ಲ: ಊದಿದ ಕಾಲು, ಎರಡನೇ ದಿಂಬು ಹೇಳುವುದೇನು?

‘ಮಲಗುವ ಮುನ್ನ ಒಂದು ಲೋಟ ನೀರು ಕುಡಿಯಿರಿ, ಹಾರ್ಟ್ ಅಟ್ಯಾಕ್ ಬರುವುದಿಲ್ಲ.’ ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದಕ್ಕೆ ವೈದ್ಯಕೀಯ ಆಧಾರವಿಲ್ಲ. ಅಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಹೃದಯ ವೈಫಲ್ಯ, ಅಂದರೆ ಹಾರ್ಟ್ ಫೇಲ್ಯೂರ್ ಇರುವ ಕೆಲವರಿಗೆ ವೈದ್ಯರೇ ದಿನಕ್ಕೆ ಇಷ್ಟೇ ನೀರು ಎಂದು ಮಿತಿ ಹಾಕಿರುತ್ತಾರೆ. ಅಂಥವರು ಇದನ್ನು ನಂಬಿದರೆ ತೊಂದರೆ.

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ಹೃದಯದ ರಕ್ತನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗಕ್ಕೆ ಹಾನಿಯಾದರೆ ಅದು ಹೃದಯಾಘಾತ. ಬಡಿತ ಹಠಾತ್ತನೆ ನಿಂತರೆ ಹೃದಯ ಸ್ತಂಭನ. ಹೃದಯ ವೈಫಲ್ಯದಲ್ಲಿ ಹೃದಯ ಬಡಿಯುತ್ತಲೇ ಇರುತ್ತದೆ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲು ಮಾತ್ರ ಅದಕ್ಕೆ ಆಗುವುದಿಲ್ಲ. ನಿಧನದ ಸುದ್ದಿಗಳಲ್ಲಿ ಈ ಮೂರನ್ನೂ ಬೆರೆಸಿ ಬರೆಯುವುದರಿಂದ ಇದೊಂದು ಹಠಾತ್ ಕಾಯಿಲೆ ಎಂದೇ ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಇದು ಹೆಚ್ಚಾಗಿ ವಾರ, ತಿಂಗಳುಗಳ ಮುನ್ಸೂಚನೆ ಕೊಟ್ಟೇ ಬರುತ್ತದೆ.

ಆ ಸೂಚನೆಗಳು ಎದೆಯಲ್ಲೇ ಕಾಣಬೇಕೆಂದಿಲ್ಲ. ಹೃದಯದ ಎಡಭಾಗ ಸೋತರೆ ಶ್ವಾಸಕೋಶದಿಂದ ಬರುವ ರಕ್ತ ಹಿಂದಕ್ಕೆ ಒತ್ತಿ, ಅಲ್ಲಿ ನೀರು ಸೇರುತ್ತದೆ. ಬಲಭಾಗ ಸೋತರೆ ಪಾದ, ಹೊಟ್ಟೆ ಊದುತ್ತವೆ. ರಕ್ತ ಕಡಿಮೆ ಬರುತ್ತಿದೆ ಎಂದುಕೊಳ್ಳುವ ಮೂತ್ರಪಿಂಡಗಳು ಉಪ್ಪು, ನೀರನ್ನು ಹೊರಗೆ ಬಿಡದೆ ಹಿಡಿದಿಟ್ಟು ಪರಿಸ್ಥಿತಿಯನ್ನು ಇನ್ನಷ್ಟು ಕೆಡಿಸುತ್ತವೆ. ಮಲಗಿದಾಗ ಕಾಲಿನ ನೀರು ಎದೆಯ ಕಡೆಗೆ ಮರಳುವುದರಿಂದ ರಾತ್ರಿ ಉಸಿರುಗಟ್ಟಿದಂತಾಗಿ ಎದ್ದು ಕೂರಬೇಕಾಗುತ್ತದೆ. ‘ಎಷ್ಟು ದಿಂಬು ಇಟ್ಟುಕೊಂಡು ಮಲಗುತ್ತೀರಿ?’ ಎಂದು ವೈದ್ಯರು ಕೇಳುವುದು ಇದಕ್ಕೇ. ಮನೆಯಲ್ಲಿ ಮಾತ್ರ ಇದಕ್ಕೆಲ್ಲ ‘ವಯಸ್ಸಾಯ್ತು’, ‘ಗ್ಯಾಸ್ ಇರಬೇಕು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಾಗೆಂದು ಕಾಲು ಊದಿದವರೆಲ್ಲ ಹೆದರಬೇಕಿಲ್ಲ. ಮೂತ್ರಪಿಂಡ, ಯಕೃತ್ತಿನ ತೊಂದರೆಯಿಂದಲೂ, ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಊತ ಬರುತ್ತದೆ.

ಕಾರಣಗಳು ಹಲವು. ಹಿಂದೆ ಆದ ಹೃದಯಾಘಾತ, ಹತೋಟಿಗೆ ಬಾರದ ಬಿಪಿ, ಸಕ್ಕರೆ ಕಾಯಿಲೆ ಮುಖ್ಯವಾದವು. ಅತಿಯಾದ ಮದ್ಯಪಾನ, ಕೆಲವು ಕ್ಯಾನ್ಸರ್ ಔಷಧಿಗಳೂ ಸೇರುತ್ತವೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಹಾಳಾದವರು ನಮ್ಮ ದೇಶದಲ್ಲಿ ಇನ್ನೂ ಇದ್ದಾರೆ. ಹೆರಿಗೆಯ ಆಸುಪಾಸಿನ ತಿಂಗಳುಗಳಲ್ಲೂ ಅಪರೂಪಕ್ಕೆ ಹೃದಯದ ಸ್ನಾಯು ದುರ್ಬಲವಾಗುತ್ತದೆ. ಅದನ್ನು ಬಾಣಂತಿಯ ಸುಸ್ತು ಎಂದು ತಳ್ಳಿಹಾಕುವುದು ಅಪಾಯ. 2013ರಲ್ಲಿ ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಿಗೆ ಹೃದಯ ವೈಫಲ್ಯದಿಂದ ದಾಖಲಾದ 1205 ಜನರ ಅಧ್ಯಯನದಲ್ಲಿ ಸರಾಸರಿ ವಯಸ್ಸು ಸುಮಾರು 61 ಇತ್ತು. ಹೆಚ್ಚಿನವರಲ್ಲಿ ಮೂಲ ಕಾರಣ ಹೃದಯದ ರಕ್ತನಾಳಗಳ ಕಾಯಿಲೆಯೇ ಆಗಿತ್ತು.

ಎಕೋ ವರದಿಯಲ್ಲಿ ‘ಇಎಫ್ 55%’ ಎಂದು ನೋಡಿ, ಅರ್ಧ ಹೃದಯ ಕೆಟ್ಟಿದೆ ಎಂದು ಕಂಗಾಲಾಗುವವರಿದ್ದಾರೆ. ಇದು ಪರೀಕ್ಷೆಯ ಅಂಕ ಅಲ್ಲ! ತುಂಬಿಕೊಂಡ ರಕ್ತದಲ್ಲಿ ಎಷ್ಟು ಪಾಲನ್ನು ಹೃದಯ ಒಂದು ಬಡಿತಕ್ಕೆ ಹೊರಹಾಕುತ್ತದೆ ಎಂಬ ಲೆಕ್ಕ. ಆರೋಗ್ಯವಂತರಲ್ಲೂ ಅದು ಸುಮಾರು 50ರಿಂದ 70ರ ನಡುವೆಯೇ ಇರುತ್ತದೆ. ಇನ್ನೊಂದು ಕಡೆ, ಹೃದಯದ ಗೋಡೆ ಬಿಗಿಯಾಗಿ ಸರಿಯಾಗಿ ರಕ್ತ ತುಂಬಿಕೊಳ್ಳದಿದ್ದರೆ, ಇಎಫ್ ಚೆನ್ನಾಗಿದ್ದರೂ ಹೃದಯ ವೈಫಲ್ಯ ಇರಬಹುದು. ಆದ್ದರಿಂದ ಒಂದು ಸಂಖ್ಯೆಯ ಫೋಟೋ ತೆಗೆದು ಗ್ರೂಪಿನಲ್ಲಿ ಅಭಿಪ್ರಾಯ ಕೇಳುವುದರಿಂದ ಪ್ರಯೋಜನವಿಲ್ಲ.

ಈಗಿನ ಔಷಧಿಗಳಿಂದ ಬಹಳ ಜನ ವರ್ಷಗಟ್ಟಲೆ ಚೆನ್ನಾಗಿ ಬದುಕುತ್ತಿದ್ದಾರೆ. ನಮಗೆ ಹೆಚ್ಚು ಆತಂಕ ಹುಟ್ಟಿಸುವುದು ಊತ ಇಳಿದ ಕೂಡಲೇ ಮಾತ್ರೆ ನಿಲ್ಲಿಸುವ ಅಭ್ಯಾಸ. ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ತಾವೇ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳೂ ದೇಹದಲ್ಲಿ ಉಪ್ಪು, ನೀರು ನಿಲ್ಲುವಂತೆ ಮಾಡುತ್ತವೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಅದರ ಬದಲು ‘ಕಡಿಮೆ ಸೋಡಿಯಂ ಉಪ್ಪು’ ತರುವ ಮುನ್ನ ವೈದ್ಯರನ್ನು ಕೇಳಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಈ ಕಾಯಿಲೆಯ ಕೆಲವು ಮಾತ್ರೆಗಳ ಜೊತೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಬಹುದು.

ಮನೆಯಲ್ಲಿ ಇಂಥ ರೋಗಿ ಇದ್ದರೆ ಒಂದು ತೂಕದ ಯಂತ್ರ ಇಟ್ಟುಕೊಳ್ಳಿ. ಬೆಳಿಗ್ಗೆ ಮೂತ್ರ ವಿಸರ್ಜನೆಯ ನಂತರ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. 3 ದಿನಗಳಲ್ಲಿ 2 ಕಿಲೋಗಿಂತ ಹೆಚ್ಚಾದರೆ ಅದು ಊಟದ ತೂಕವಲ್ಲ, ನೀರು ಇರಬಹುದು. ಕೂಡಲೇ ವೈದ್ಯರಿಗೆ ತಿಳಿಸಿ. ಕೂತಲ್ಲೇ ಏದುಸಿರು ಬರುತ್ತಿದ್ದರೆ, ಕೆಮ್ಮಿದಾಗ ಗುಲಾಬಿ ಬಣ್ಣದ ನೊರೆ ಬಂದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.