ಕ್ಷುರಧಾರೆ

ಆತ್ಮಜ್ಞಾನದ ದಾರಿ ಎಷ್ಟು ದುರ್ಗಮವೆಂಬುದನ್ನು ಹೇಳಹೊರಟ ಕಠೋಪನಿಷತ್ತಿಗೆ ಹೋಲಿಕೆಯಾಗಿ ಒದಗಿದ್ದು ಕ್ಷೌರದ ಕತ್ತಿಯ ಅಲಗು. ನಮ್ಮ ಋಷಿಗಳು ಗಡ್ಡ ಬಿಟ್ಟದ್ದಕ್ಕೂ ಆ ಅಲಗಿನ ಭಯವೇ ಕಾರಣವಾಗಿರಬೇಕೆಂದು ನನ್ನ ತರಗತಿಯ ತುಂಟನೊಬ್ಬನ ಅಭಿಪ್ರಾಯ.

ಈ ಮಡಿಸುವ ಕತ್ತಿಯ ಮೇಲೆ ತರುಣರಿಗೆ ಈಚೆಗೆ ಮತ್ತೆ ವ್ಯಾಮೋಹ ಹುಟ್ಟಿದೆ. ಅಮೆರಿಕದ ಜಿಲೆಟ್ ಮಹಾಶಯನು 1904ರಲ್ಲಿ ಸೇಫ್ಟಿ ರೇಜರಿಗೆ ಪೇಟೆಂಟು ಪಡೆದ ತರುವಾಯ ಮನೆಗಳಿಂದ ಕ್ರಮೇಣ ಮರೆಯಾದ ವಸ್ತುವಿದು. ಸಲೂನಿನಲ್ಲಿಯೂ ಈಗ ಬಹುಮಟ್ಟಿಗೆ ಕಾಣುವುದು ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಯೇ. ಹೀಗಿರುವಾಗ ಅಜ್ಜನ ಪೆಟ್ಟಿಗೆಯಲ್ಲಿ ಶೆಫೀಲ್ಡಿನ ಮುದ್ರೆಯುಳ್ಳ ಕತ್ತಿಯೊಂದು ಸಿಕ್ಕಿತೆಂದರೆ ಮೊಮ್ಮಗನ ಕೈ ಸುಮ್ಮನಿದ್ದೀತೆ?

ನೆರೆಮನೆಯ ತರುಣನೊಬ್ಬ ಶಬರಿಮಲೆಯಿಂದ ಹಿಂದಿರುಗಿದ. 41 ದಿನಗಳ ವ್ರತದ ಗಡ್ಡ. ದಿನಕ್ಕೆ ಮಿಲಿಮೀಟರಿನ ಮೂರನೆಯ ಒಂದು ಪಾಲು ಬೆಳೆದರೂ ಅರ್ಧ ಅಂಗುಲವಾಯಿತು. ಮರುದಿನ ತಂಗಿಯ ನಿಶ್ಚಿತಾರ್ಥ. ಬೀಗರೆದುರು ನಿಲ್ಲಬೇಕಾದ ಮುಖ. ಅಜ್ಜನ ಕತ್ತಿಯನ್ನು ನೆಟ್ಟಗೆ ಕೆನ್ನೆಗೆ ಹಚ್ಚಲು ಹೊರಟಿದ್ದ.

“ಪರಿಚಯದ ಕ್ಷೌರಿಕರಿಂದ ಸಾಣೆ ಹಿಡಿಸಿದ್ದೇನೆ, ಮೇಷ್ಟ್ರೇ. ಹರಿತವಾಗಿದೆ.”

“ಆಗಿರಲಿ ಮಾರಾಯ. ಆದರೆ ಅದು ಪೈರು ಕೊಯ್ಯುವ ಕುಡುಗೋಲಲ್ಲ.”

ಉದ್ದ ಕೂದಲು ಅಲಗಿನೆದುರು ಬಾಗುತ್ತದೆ. ನೊರೆಯೊಡನೆ ಸೇರಿ ಅಲಗಿಗೆ ಮೆತ್ತಿಕೊಳ್ಳುತ್ತದೆ. ತುಂಡಾಗುವ ಮೊದಲು ಬುಡವನ್ನು ಜಗ್ಗುತ್ತದೆ. ನೋವಿಗೆ ಬೆದರಿದ ಹೊಸ ಕೈ ಮತ್ತಷ್ಟು ಒತ್ತುತ್ತದೆ. ಒತ್ತಿದಲ್ಲಿ ರಕ್ತ. ಅಷ್ಟೇ ಅಲ್ಲ, ಪೊದೆಯಂಥ ಗಡ್ಡದಲ್ಲಿ ಕೂದಲು ಯಾವ ಕಡೆಗೆ ಬೆಳೆದಿದೆಯೆಂಬುದೇ ತಿಳಿಯದು. ಕೆನ್ನೆಯ ಮೇಲೆ ಸಾಮಾನ್ಯವಾಗಿ ಕೆಳಮುಖ. ಕೊರಳಿನಲ್ಲಿ ಮೇಲ್ಮುಖವೂ ಆಗಬಹುದು, ಅಡ್ಡವೂ ಆಗಬಹುದು.

ಆದ್ದರಿಂದ ಮೊದಲ ಕೆಲಸ ಬಾಚಣಿಗೆ ಕತ್ತರಿಗಳದು. ಎರಡು ಮೂರು ಮಿಲಿಮೀಟರ್ ಮಾತ್ರ ಉಳಿಯುವಂತೆ ಕತ್ತರಿಸಿ, ಬೆರಳಿನಿಂದ ಸವರಿ ನೋಡಬೇಕು. ನುಣುಪಾಗಿ ಸಾಗುವ ದಿಕ್ಕೇ ಕತ್ತಿಯ ದಿಕ್ಕು. ಅನಂತರ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂರು ನಿಮಿಷವಾದರೂ ಮುಖಕ್ಕೆ ಒತ್ತಿಕೊಂಡಿರಬೇಕು. ನೀರು ಕುಡಿದ ಕೂದಲು ಮೆತ್ತಗಾಗುತ್ತದೆ. ಇಷ್ಟಾದ ಮೇಲೆ ಕುಂಚದಿಂದ ದಟ್ಟ ನೊರೆ. ಸ್ನಾನ ಮುಗಿಸಿ ಬಂದು ಕೂತರೆ ಇನ್ನೂ ಲೇಸು.

ಎಡಗೈ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಲಿ. ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿದ್ದು, ಭಾರವಿಲ್ಲದೆ, ಗೇಣುದ್ದವಲ್ಲ, ಅಂಗುಲದಷ್ಟೇ ಸಾಗಲಿ. ಅಲಗನ್ನು ಅದರ ಉದ್ದಕ್ಕೆ ಮಾತ್ರ ಜಾರಿಸಕೂಡದು. ಈಳಿಗೆಯ ಮೇಲೆ ತರಕಾರಿ ಸೀಳುವ ಬಗೆ ಅದು.

ಮೊದಲ ದಿನ ಕತ್ತಿಗೆ ಕೆನ್ನೆಗಳೆರಡೇ ಸಾಕು, ಗದ್ದ ಮತ್ತು ತುಟಿಯ ಮೇಲ್ಭಾಗ ಸೇಫ್ಟಿ ರೇಜರಿಗಿರಲಿ ಎಂದೆ. ಗದ್ದದ ಉಬ್ಬುತಗ್ಗುಗಳು ಪಳಗಿದ ಕೈಯನ್ನೂ ಪರೀಕ್ಷಿಸುತ್ತವೆ. ತರುಣನ ಪೌರುಷ ಇದಕ್ಕೆ ಒಪ್ಪಲಿಲ್ಲ. ಅವನ ತಾಯಿ ಒಪ್ಪಿಸಿದರು.

ನಿಶ್ಚಿತಾರ್ಥದ ಮನೆಯಲ್ಲಿ ಅವನ ಬಲಗೆನ್ನೆಯ ಮೇಲೊಂದು ಸಣ್ಣ ಗೀರು ಕಂಡಿತು. ಪಟಿಕದಿಂದ ರಕ್ತ ನಿಲ್ಲಿಸಿದ್ದನಂತೆ. ಬೀಗರು ಗಮನಿಸಲಿಲ್ಲ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವನು, ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಯಾವ ಕಡೆಗೆ ಎಳೆಯಬೇಕೆಂದು ಪಿಸುದನಿಯಲ್ಲಿ ಕೇಳಿದ. ಬೆನ್ನು ಮುಂದಾಗಿ, ಅಲಗು ಹಿಂದಾಗಿ. ತಪ್ಪಿದರೆ ಪಟ್ಟಿಯೇ ಸೀಳುತ್ತದೆ ಎನ್ನುವಷ್ಟರಲ್ಲಿ ಹೋಳಿಗೆ ಬಂತು.